ನಾನು ಕೇಸಾಗಿ ಮಲಗಿದ ಬೆಳಗ್ಗೆ

ಎಡಮಗ್ಗುಲಾಗಿ ಮಲಗಿದರೆ ನನ್ನ ಎದೆ ನನಗೇ ಕೇಳಿಸುತ್ತದೆ. ಪಾಠದಲ್ಲಿ ಬರೆದಿರುವ ಲಬ್ ಡಬ್ ಅಲ್ಲ. ನಡುವೆ ಯಾರೋ ರೇಷ್ಮೆ ಸೀರೆ ಉಟ್ಟುಕೊಂಡು ಹಾದುಹೋದ ಹಾಗೆ ಒಂದು ಸರಭರ. ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿ, ಹಾಲಿನವನು ಬರುವ ಮುಂಚೆ, ಅದನ್ನು ಕೇಳುತ್ತಾ ಅರೆನಿದ್ದೆಯಲ್ಲಿ ತೇಲುತ್ತಿದ್ದೆ. ಒಮ್ಮೊಮ್ಮೆ ಆ ಸದ್ದು ನನ್ನದಲ್ಲ, ನನ್ನೊಳಗೆ ಮಲಗಿರುವ ಇನ್ನೊಂದು ಪುಟ್ಟ ಜೀವದ್ದು ಅನ್ನಿಸುತ್ತಿತ್ತು. ಥೂ, ಹುಚ್ಚಿ, ಅಂತ ನನ್ನನ್ನೇ ಬೈದುಕೊಂಡು ಎದ್ದು ಕಾಫಿಗೆ ನೀರಿಡುತ್ತಿದ್ದೆ.

ನನಗೆ ಮಗು ಬೇಕಿತ್ತು. ವಿಷಯ ಇಷ್ಟೇ. ಆದರೆ ನನ್ನ ಹೃದಯದ ಕವಾಟಕ್ಕೆ ಏನಾಗಿದೆ ಅನ್ನುವುದರಲ್ಲಿ ಇಬ್ಬರು ಡಾಕ್ಟರಿಗೆ ಒಮ್ಮತವಿರಲಿಲ್ಲ. ಹುಟ್ಟಿನಿಂದಲೇ ಸ್ವಲ್ಪ ಸಡಿಲ, ರಕ್ತ ಚೂರು ಸೋರುತ್ತದೆ, ಆರಾಮಾಗಿರಿ ಅಂದರು ಒಬ್ಬರು. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತೇ, ಅದರಿಂದ ಕವಾಟ ಕಿರಿದಾಗಿದ್ದರೆ ಬಸಿರು ಅಪಾಯ ಅಂದರು ಇನ್ನೊಬ್ಬರು. ಅಮ್ಮನನ್ನು ಕೇಳಿದೆ. "ಜ್ವರ ಯಾವ ಮಗೂಗೆ ಬರಲ್ವೇ? ಬಂದಿತ್ತೇನೋ, ಹೋಯ್ತೇನೋ" ಅಂದುಬಿಟ್ಟಳು. ಹೃದಯದ ಸ್ಕ್ಯಾನ್ ಮಾಡುವ ಎಕೋ ಕೋಣೆಯ ಕತ್ತಲಲ್ಲಿ, ಎದೆಗೆ ತಣ್ಣನೆಯ ಜೆಲ್ ಬಳಿಸಿಕೊಂಡು ಮಲಗಿ, ಪರದೆಯ ಮೇಲೆ ಬಿಳಿ ರೆಪ್ಪೆಗಳಂತೆ ಮುಚ್ಚಿ ತೆರೆಯುವ ಆ ಕವಾಟವನ್ನು ನಾನೇ ನೋಡಿದ್ದೆ. ಎಷ್ಟು ಚೆಂದವಿತ್ತೆಂದರೆ ಹೆದರಿಕೆ ಮರೆತೇಹೋಗಿತ್ತು. ವರದಿ ಮಾತ್ರ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಮೆಡಿಕಲ್ ವಿದ್ಯಾರ್ಥಿಗಳ ಪರೀಕ್ಷೆ ಇದೆ, ಕೇಸಾಗಿ ಬರುತ್ತೀರಾ ಎಂದು ಕೇಳಿದರು. ಆ ಪರೀಕ್ಷೆಗೆ ನಿಜವಾದ ರೋಗಿಗಳನ್ನೇ ಮಲಗಿಸುತ್ತಾರೆ. ವಿದ್ಯಾರ್ಥಿಗಳು ಎದೆ, ಹೊಟ್ಟೆ ಮುಟ್ಟಿ ನೋಡಿ ಕಾಯಿಲೆ ಏನೆಂದು ಪರೀಕ್ಷಕರಿಗೆ ಹೇಳಬೇಕು.

"ನೀನೇನು ಪ್ರದರ್ಶನದ ಗೊಂಬೆನಾ? ಬೇಡ ಬುಡು" ಅಂದರು ನಮ್ಮ ಮನೆಯವರು.

"ದೊಡ್ಡ ಡಾಕ್ಟ್ರ ಕಿವಿ ಪುಕ್ಕಟೆ ಸಿಗುತ್ತೆ ಕಣ್ರೀ" ಅಂದೆ. ಸರಸ್ವತಿಪುರಂನ ಟ್ಯುಟೋರಿಯಲ್‌ನಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ಅಲ್ಲಿಗೆ ರಜೆ ಹಾಕಿ ಹೊರಟೆ.

ವಾರ್ಡಿನಲ್ಲಿ ಹಸಿರು ಪರದೆಗಳು ಫ್ಯಾನಿನ ಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು. ಜನ ಪಿಸುಮಾತಾಡುತ್ತಾ ಓಡಾಡುತ್ತಿದ್ದರು. ಕೊಟ್ಟ ಇಡ್ಲಿ ತಿಂದು ಮಲಗಿದರೆ ಎಲ್ಲವೂ ಎಲ್ಲೋ ದೂರದಲ್ಲಿ, ಬೇರೆ ಯಾರಿಗೋ ನಡೆಯುತ್ತಿದೆ ಅನ್ನಿಸಿತು. ಪಕ್ಕದ ಮಂಚದಲ್ಲಿ ಹಿನಕಲ್ ಕಡೆಯ ಒಬ್ಬ ತಾತ. ಪ್ರತಿ ಪರೀಕ್ಷೆಗೂ ಬರುವವರಂತೆ.

"ನಂದು ಲಿವರ್ರು. ನಿಂದೇನವ್ವ?" ಅಂದರು.

"ಗೊತ್ತಿಲ್ಲ ತಾತ."

"ಅಯ್ಯೋ, ಗೊತ್ತಿಲ್ದೇ ಬಂದ್ಬುಟ್ಯಾ? ಪಾಪ, ಮಕ್ಳು ಪರೀಕ್ಸೆ ಕಣವ್ವ. ಕೇಳುದ್ರೆ ಮೆಲ್ಗೆ ಯೋಳ್ಬುಡ್ಬೇಕು. ನಾನು ಎಷ್ಟು ಜನ್ವ ಪಾಸ್ ಮಾಡ್ಸಿವ್ನಿ ಗೊತ್ತಾ?"

ನನಗೆ ಸಿಕ್ಕಿದವಳು ಒಬ್ಬಳು ಸಣಕಲು ಹುಡುಗಿ. ಸ್ಟೆತಾಸ್ಕೋಪ್ ಅಲ್ಲಿ ಇಟ್ಟಳು, ಇಲ್ಲಿ ಇಟ್ಟಳು, ಬೆವರು ಒರೆಸಿಕೊಂಡಳು. ಕೊನೆಗೆ ಬಗ್ಗಿ, "ಅಕ್ಕಾ, ನಿಮಗೆ ಏನು ಅಂತ ಹೇಳಿದ್ದಾರೆ?" ಎಂದು ಪಿಸುಗುಟ್ಟಿದಳು.

ನನ್ನ ಹತ್ತಿರ ಎರಡು ಉತ್ತರಗಳಿದ್ದವು. ನನಗೆ ಬೇಕಾದ್ದನ್ನು ಕೊಟ್ಟೆ. "ಹುಟ್ಟಿನಿಂದ ಬಂದಿದ್ದು. ಸ್ವಲ್ಪ ಸೋರುತ್ತೆ, ಅಷ್ಟೇ."

ಅವಳ ಮುಖ ಅರಳಿತು. ನನ್ನದೂ ಅರಳಿತು ಅಂತ ಕಾಣುತ್ತದೆ. ಬಾಯಿಬಿಟ್ಟು ಹೇಳಿದ ಮೇಲೆ ಅದೇ ನಿಜ ಅನ್ನಿಸಿಬಿಟ್ಟಿತ್ತು. ಪರದೆಯ ಹಸಿರು ಬೆಳಕಿನಲ್ಲಿ ಕಣ್ಣುಮುಚ್ಚಿ, ಮನಸ್ಸಿನಲ್ಲೇ ಒಂದು ಪುಟ್ಟ ತಲೆಗೆ ಎಣ್ಣೆ ಹಚ್ಚುತ್ತಿದ್ದೆ.

ಪರೀಕ್ಷಕರು ಬಂದಾಗ ಅವಳು ಇಂಗ್ಲಿಷಿನಲ್ಲಿ ಪಟಪಟ ಒಪ್ಪಿಸಿದಳು. ಅವರೂ ಇಂಗ್ಲಿಷಿನಲ್ಲೇ, ನನಗೆ ತಿಳಿಯುವುದಿಲ್ಲ ಅಂದುಕೊಂಡು, ಸೋರುವುದು ಸರಿ, ಬೇರೇನೂ ಇಲ್ಲವೇ ಎಂದು ಕೇಳಿದರು. ತಾವೇ ಒಮ್ಮೆ ಆಲಿಸಿದರು. ನನ್ನನ್ನು ಎಡಮಗ್ಗುಲಿಗೆ ತಿರುಗಿಸಿ, ಅವಸರ ಬೇಡ, ಮತ್ತೆ ಕೇಳು ಅಂದರು. ಹುಡುಗಿ ಕಣ್ಣುಮುಚ್ಚಿ ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬಣ್ಣ ಇಳಿಯುತ್ತಾ ಬಂತು.

ಇನ್ನೊಂದು ಸದ್ದಿದೆ ಸರ್, ಬಹಳ ಸಣ್ಣಗೆ, ಗುಡುಗುಡು ಅಂತ, ಅಂದಳು.

ಹಾಗಾದರೆ ಕವಾಟ ಕಿರಿದೂ ಆಗಿರಬಹುದು ಅಂದರು ಅವರು. ಈಕೆ ನಿನ್ನ ಹತ್ತಿರ ಬಂದು ಮಗು ಮಾಡಿಕೊಳ್ಳಲೇ ಎಂದರೆ ಏನು ಹೇಳುತ್ತೀಯ?

ಹುಡುಗಿ ಉತ್ತರಿಸುವ ಮೊದಲೇ ನಾನು ಎದ್ದು ಕೂತೆ. "ಸರ್, ಅದನ್ನ ನನಗೇ ಹೇಳಿ. ನಾನು ಬಂದಿರೋದೇ ಅದಕ್ಕೆ."

ಅವರು ತಬ್ಬಿಬ್ಬಾದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಕನ್ನಡದಲ್ಲಿ ಹೇಳಿದರು: "ಗೊತ್ತಿಲ್ಲಮ್ಮ. ಬರೀ ಕಿವಿ ನಂಬಿ ಹೇಳೋ ಮಾತಲ್ಲ ಅದು. ಇನ್ನೊಂದು ಎಕೋ ಆಗಲಿ, ಈ ಸಲ ಗಂಟಲ ಮೂಲಕ ನಳಿಕೆ ಇಳಿಸಿ. ಕಿರಿದಾಗಿದ್ರೆ ಮೊದಲು ಅದನ್ನ ಸರಿ ಮಾಡಿಸಬೇಕು. ಅಲ್ಲೀವರೆಗೂ ಬಸಿರು ಬೇಡ."

"ಆಮೇಲೆ?"

"ಆಮೇಲೆ ನೋಡೋಣ. ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ."

ಅಳು ಒತ್ತರಿಸಿ ಬಂತು. ಅತ್ತುಬಿಟ್ಟೆ. "ಈ ಹುಡುಗೀನ ಫೇಲ್ ಮಾಡ್ಬೇಡಿ ಸರ್, ತಪ್ಪು ಉತ್ತರ ಹೇಳಿಕೊಟ್ಟವಳು ನಾನು" ಅಂದೆ ಅಳುತ್ತಲೇ. ಪಕ್ಕದ ತಾತ ಪರದೆಯಾಚೆ ಲೊಚಗುಟ್ಟಿದ್ದು ಕೇಳಿಸಿತು.

ಹೊರಗೆ ಕಲ್ಲುಬೆಂಚಿನ ಮೇಲೆ, ಬೇಡ ಅಂದೂ ಜೊತೆಗೆ ಬಂದಿದ್ದ ನಮ್ಮ ಮನೆಯವರು ಕಾಯುತ್ತಿದ್ದರು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟರು.

"ನಂಗೆ ಮಗು ಬೇಕು ಕಣ್ರೀ" ಅಂದೆ. ಅಲ್ಲಿಯವರೆಗೆ ನಾವು ಡಾಕ್ಟರು ಏನಂದರು ಎಂದಷ್ಟೇ ಮಾತಾಡಿಕೊಂಡವರು. ಈ ಮಾತು ಬಾಯಿಂದ ಹೊರಬಿದ್ದದ್ದು ಅವತ್ತೇ.

"ನಂಗೆ ನೀನು ಬೇಕು ಕಣೇ" ಅಂದರು, ಅಷ್ಟು ಜನ ಓಡಾಡುವ ಕಡೆ, ಗಟ್ಟಿಯಾಗಿ.

ಕಾಫಿ ಕೈಯಲ್ಲೇ ಆರುತ್ತಿತ್ತು. "ನಂಗೂ ನಾನು ಬೇಕು ಕಣ್ರೀ" ಅಂದೆ. "ಅದಕ್ಕೇ ಇಷ್ಟು ಭಯ."