ಅಂಗಿಗೆ ಹತ್ತಿದ ಹೊಟ್ಟು

ಮೊನ್ನೆ ಹರಿಹರಕ್ಕೆ ಹೋಗುವಾಗ ಭತ್ತದ ಹೊಟ್ಟು ತುಂಬಿದ ಲಾರಿಯೊಂದರ ಹಿಂದೆ ಸಿಕ್ಕಿಕೊಂಡೆ. ಟಾರ್ಪಾಲಿನ ಸಂದಿಯಿಂದ ಹೊಟ್ಟು ಉದುರಿ ಕಣ್ಣು, ಕಾಲರು, ಜೇಬು ಎಲ್ಲ ತುಂಬಿತು. ಹಿಂದಿಕ್ಕಿ ಹೋಗೋಣವೆಂದರೆ ನನ್ನ ಸ್ಕೂಟರಿಗೂ ನನ್ನಂತೆಯೇ ದಮ್ಮಿಲ್ಲ. ಆ ಒಣ ವಾಸನೆ ನಿಮಗೆ ಗೊತ್ತೋ ಇಲ್ಲವೋ, ನನಗದು ದಸ್ತಗೀರ್ ಸಾಬರ ಮಂಡಕ್ಕಿ ಭಟ್ಟಿಯ ವಾಸನೆ.

ಭಟ್ಟಿ ನಿಟ್ಟುವಳ್ಳಿಯ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಡಾಕ್ಟರು ವಾಕಿಂಗ್ ಮಾಡಿ ಎಂದಿದ್ದರು. ನಾನು ಅತ್ತ ಕಡೆಗೇ ಮಾಡುತ್ತಿದ್ದೆ. ದಿನದ ಮೊದಲ ಬಾಣಲೆಯ ಮಂಡಕ್ಕಿಯನ್ನು ಸಾಬರು ಮಾರುತ್ತಿರಲಿಲ್ಲ. ಬಾಗಿಲಲ್ಲಿ ನಿಂತವರು ಯಾರೇ ಇರಲಿ, ಅದು ಅವರದು. "ಬರ್ರಿ ಮೇಷ್ಟ್ರೇ, ಕೈ ಒಡ್ರಿ" ಎಂದು ಬೊಗಸೆ ತುಂಬಿಸುವರು. ಮೊದಲ ಬಾಣಲೆಯ ಹೊತ್ತು ನನ್ನ ಆರೋಗ್ಯಕ್ಕೆ ಬಹಳ ಒಗ್ಗಿತ್ತು. ಒಲೆಗೆ ಹಾಕುತ್ತಿದ್ದುದು ಬರೀ ಹೊಟ್ಟು. ಅಕ್ಕಿ ಗಿರಣಿಯವರಿಗೆ ಅಂಗಳ ಖಾಲಿಯಾದರೆ ಸಾಕಿತ್ತು, ಸಾಬರು ದಿನವೂ ಗಾಡಿಯಲ್ಲಿ ತುಂಬಿಕೊಂಡು ಬರುತ್ತಿದ್ದರು.

ಆಗ ಹರಿಹರದ ಆಚೆ ಹೊಟ್ಟು ಸುಟ್ಟು ಕರೆಂಟು ಮಾಡುವ ಕಾರ್ಖಾನೆಯ ಮಾತು ಬಂತು. ಕಲ್ಲಿದ್ದಲು ಬೇಡ, ಅಣೆಕಟ್ಟು ಬೇಡ, ಯಾರ ಹೊಲವೂ ಮುಳುಗುವುದಿಲ್ಲ. ಹೈಸ್ಕೂಲಿನಲ್ಲಿ ಜೀವಮಾನವಿಡೀ ವಿಜ್ಞಾನ ಹೇಳಿದ ನನಗೆ ಇದಕ್ಕಿಂತ ಚೆಂದದ್ದು ಇನ್ನೇನಿದ್ದೀತು? ಅಹವಾಲು ಸಭೆಗೆ ನನ್ನನ್ನೂ ಕರೆದರು. ಕಾರ್ಖಾನೆ ಬರುವ ಜಾಗದ ಪಕ್ಕದ ಕೊಕ್ಕನೂರಿನ ರೈತರೊಬ್ಬರು ಎದ್ದು, "ಬೂದಿ ನಮ್ ಹೊಲಕ್ ಬೀಳಂಗಿಲ್ಲ ಅಂತ ಯಾರ್ ಹೇಳ್ತೀರಿ?" ಎಂದು ಕೇಳಿದರು. ನಾನು ಮೈಕು ಹಿಡಿದೆ. ಅದಕ್ಕೆಲ್ಲ ಯಂತ್ರಗಳಿವೆ ಎಂದೆ. ಹೊಟ್ಟು ಬರೀ ಕಸ, ಯಾರಿಗೂ ಬೇಡದ್ದು, ಅದರಿಂದ ಮನೆಮನೆಗೆ ಬೆಳಕು ಬರುತ್ತದೆ ಎಂದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಇಳಿದು ಬರುವಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸಾಬರನ್ನು ಕಂಡು ಕೈಬೀಸಿದೆ. ಆ ಬೆಳಗ್ಗೆಯೂ ಅದೇ ಕಸದ ಬೆಂಕಿಯ ಮಂಡಕ್ಕಿ ತಿಂದಿದ್ದೆ. ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಕಾರ್ಖಾನೆ ಶುರುವಾಯಿತು. ಗಿರಣಿಗಳ ಹೊಟ್ಟು ಪೂರಾ ಕಾರ್ಖಾನೆಯ ಲಾರಿ ಹತ್ತಿತು. ಸಾಬರು ಹಳೆಯ ಟೈರು ಉರಿಸತೊಡಗಿದರು. ಕಪ್ಪು ಹೊಗೆ ತಡೆಯಲಾರದೆ ಬೀದಿಯವರು ದೂರು ಕೊಟ್ಟರು, ಅಧಿಕಾರಿಗಳು ಬಂದು ಭಟ್ಟಿಗೆ ಬೀಗ ಹಾಕಿದರು. ಟೈರಿನ ಹೊಗೆ ವಿಷವೆಂದು ಮಕ್ಕಳಿಗೆ ಕಲಿಸಿದವನೂ ನಾನೇ. ಕೆಟ್ಟದ್ದಾದರೆ ಎದುರಿಸಬಹುದು, ಎಲ್ಲರೂ ಒಳ್ಳೆಯದನ್ನೇ ಮಾಡಿ ಒಬ್ಬನ ಒಲೆ ಆರಿಹೋದರೆ ಯಾರ ಮೇಲೆ ಸಿಟ್ಟಾಗುವುದು?

"ಸಭೆಯಲ್ಲಿ ನೀವ್ಯಾಕೆ ಎದ್ದು ಮಾತಾಡಲಿಲ್ಲ?" ಎಂದು ಆಮೇಲೊಮ್ಮೆ ಸಾಬರನ್ನು ಕೇಳಿದೆ.

"ಮಾತಾಡಾಕಂತನ ಬಂದಿದ್ದೆ ಮೇಷ್ಟ್ರೇ. ಅಷ್ಟರಾಗ ನೀವು ಎದ್ರಿ. ನನ್ ಮಗಳಿಗೆ ಅಕ್ಷರ ಕಲಿಸಿದೋರ ಎದುರಿಗೆ ನಿಂತು ಸುಳ್ಳು ಅಂತ ಹೆಂಗ ಅನ್ಲಿ? ಸುಮ್ನ ಕುಂತೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈಗ ಅವರು ಕೆ.ಬಿ. ಬಡಾವಣೆಯ ಅಂಗಡಿಯೊಂದರ ಮುಂದೆ ಕಾವಲು ಕೂರುತ್ತಾರೆ. ಕಂಡರೆ ಎದ್ದು ನಿಂತು ನಮಸ್ಕಾರ ಹೇಳುತ್ತಾರೆ. ಹಾಗಾಗಿ ನಾನು ಆ ರಸ್ತೆಯನ್ನೇ ಬಿಟ್ಟಿದ್ದೇನೆ.

ಮೊನ್ನೆ ಮನೆಗೆ ಬಂದು ಪಡಸಾಲೆಯಲ್ಲಿ ಅಂಗಿ ಕೊಡವಿದೆ. ಹೆಂಡತಿ ಪೊರಕೆ ಹಿಡಿದು ಬಂದಳು.

"ಎಲ್ಲಿಂದ ತಂದ್ರಿ ಇಷ್ಟು ಕಸಾನ?"

ಕಸ ಅಲ್ಲ ಎನ್ನಲು ಬಾಯಿ ತೆರೆದೆ. ಆ ಮಾತನ್ನು ಆಡಬೇಕಾಗಿದ್ದ ಜಾಗ ನಮ್ಮ ಪಡಸಾಲೆಯಲ್ಲ. ಅವಳು ಗುಡಿಸುತ್ತಾ ಬಂದಳು, ನಾನು ಕಾಲೆತ್ತಿ ಜಾಗ ಬಿಟ್ಟೆ.