ಏಳೂಕಾಲು ಅಂಗುಲದ ಬಾಗಿಲು

ನ್ಯಾಮತಿಯ ಬಡಗಿ ಷಣ್ಮುಖಪ್ಪನದು ಹುಟ್ಟಾ ದಿಗಿಲಿನ ಜೀವ. ಮೂರು ಸಲ ಅಳೆದು, ಗೆರೆ ಎಳೆದು, ಗರಗಸ ಇಟ್ಟ ಮೇಲೂ ಇನ್ನೊಮ್ಮೆ ಅಳೆಯುವವನು. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಜಗ್ಗಿ ನೋಡಿದೆನೋ ಇಲ್ಲವೋ ಎಂದು ವಾಪಸು ಬರುವವನು. "ನಮ್ಮನೆಯವರು ಸತ್ತ ಮೇಲೂ ಒಂದ್ಸಲ ಎದ್ದು, ಉಸಿರು ನಿಂತೈತೋ ಇಲ್ಲೋ ಅಂತ ನೋಡ್ಕಂತಾರೆ" ಎಂದು ಹೆಂಡತಿ ಸಿದ್ದಲಿಂಗಮ್ಮ ನೆರೆಯವರ ಮುಂದೆ ಆಡಿಕೊಳ್ಳುವುದುಂಟು. ಆದರೆ ಮೂವತ್ತೈದು ವರ್ಷದ ಕಸುಬಿನಲ್ಲಿ ಷಣ್ಮುಖಪ್ಪ ಕೊಯ್ದ ಮರ ಗಿಡ್ಡವಾಯಿತು ಎಂದು ಹೇಳಿದವರು ಒಬ್ಬರೂ ಇಲ್ಲ. ಅವನು ಸಂಪಾದಿಸಿದ್ದು ಆ ಹೆಸರೊಂದನ್ನೇ.

ಅವನಿಗೆ ಉಳಿ ಹಿಡಿಯಲು ಕಲಿಸಿದವರು ಪಂಚಾಕ್ಷರಪ್ಪ. ಅವರ ಕೆಲಸದ ಶೆಡ್ಡು ಪೂರಾ ಮರದ್ದು. ಕಂಬ, ತೊಲೆ, ಗೋಡೆಯ ಹಲಗೆ ಎಲ್ಲ ಅವರ ಕೈಯಿಂದಲೇ ಆದದ್ದು. ನ್ಯಾಮತಿ ತಾಲ್ಲೂಕಾಯಿತು, ರಸ್ತೆ ಅಗಲವಾಗಬೇಕಾಯಿತು, ಗುರುಗಳು ತೀರಿಕೊಂಡ ಎರಡನೆಯ ವರ್ಷಕ್ಕೆ ಶೆಡ್ಡು ತೆಗೆಯುವ ದಿನವೂ ಗೊತ್ತಾಯಿತು. ತೆಗೆದು ಬೇರೆ ಕಡೆ ನಿಲ್ಲಿಸೋಣವೆಂದರೆ ಗೆದ್ದಲು ಆಗಲೇ ಅರ್ಧ ತಿಂದು ಮುಗಿಸಿತ್ತು. ಗುರುಗಳ ಒಬ್ಬಳೇ ಮಗಳು ಹೇಮಾವತಿಯನ್ನು ಚನ್ನಗಿರಿಗೆ ಕೊಟ್ಟಿತ್ತು. ಅವಳು ಅಲ್ಲಿ ನಾಲ್ಕು ಜನ ಕೆಲಸಗಾರರನ್ನಿಟ್ಟುಕೊಂಡು ತೊಟ್ಟಿಲು, ಮಣೆ ಮಾಡಿಸುತ್ತಿದ್ದಳು. ಸುದ್ದಿ ತಿಳಿದು ಓಡಿಬಂದಳು.

"ಷಣ್ಮುಖಣ್ಣ, ಇದೇ ಶೆಡ್ಡನ್ನ ನಾನು ಚನ್ನಗಿರೀಲಿ ಕಟ್ಟಿಸ್ತೀನಿ. ಇದನ್ನ ಕೆಡವೋದ್ರೊಳಗೆ ಅಳತೆ ತಗಂಡು ಚಿಕ್ಕದೊಂದು ಮಾದರಿ ಮಾಡಿಕೊಡ್ರಿ. ಅದನ್ನ ನೋಡ್ಕಂಡೇ ನಮ್ಮೋರು ಮರ ಕೊಯ್ತಾರೆ. ಕಾಗದ ನೋಡಿ ಮರ ಕೊಯ್ಬಾರ್ದು ಅಂತ ಅಪ್ಪ ಹೇಳ್ತಿರಲಿಲ್ವಾ?"

ಗುರುಗಳ ಮಾತೆಂದ ಮೇಲೆ ಮುಗಿಯಿತು. ಷಣ್ಮುಖಪ್ಪ ಒಪ್ಪಿಕೊಂಡ, ಒಪ್ಪಿಕೊಂಡ ಗಳಿಗೆಯಿಂದಲೇ ಹೆದರತೊಡಗಿದ. ಅಡಿಗೊಂದು ಅಂಗುಲದ ಲೆಕ್ಕ. ಮಾದರಿಯಲ್ಲಿ ಕಾಲಂಗುಲ ತಪ್ಪಿದರೆ ನಿಜವಾದ ಶೆಡ್ಡಿನಲ್ಲಿ ಮೂರು ಅಂಗುಲ ತಪ್ಪಿತೆಂದೇ ಅರ್ಥ. ತೇಗದ ಚೂರುಗಳಿಂದ ಬೆರಳು ಗಾತ್ರದ ಕಂಬ ಮಾಡಿದ. ತೊಲೆಗೆ ಕಚ್ಚು ಕೊಯ್ಯಲು ದೊಡ್ಡ ಉಳಿ ಆಗದೆ, ಕೊಡೆಯ ಕಡ್ಡಿಯನ್ನು ಉಜ್ಜಿ ಹೊಸ ಉಳಿಯನ್ನೇ ಮಾಡಿಕೊಂಡ. ಒಳಗೆ ಗುರುಗಳ ಕೆಲಸದ ಮೇಜು, ಗೋಡೆಗೆ ಗರಗಸ ನೇತುಹಾಕುವ ಗೂಟ, ಅವೂ ಬಂದವು. ಉಣ್ಣುವಾಗಲೂ ಕನ್ನಡಕ ತೆಗೆಯಲಿಲ್ಲ. ಅನ್ನದ ಅಗುಳಿನ ಉದ್ದವನ್ನೂ ಮನಸ್ಸು ಅಳೆಯುತ್ತಿತ್ತು. ಎರಡು ತಿಂಗಳಿಗೆ ಕೆಲಸ ಮುಗಿಯಿತು; ಅಷ್ಟರಲ್ಲಿ ಶೆಡ್ಡು ನೆಲಸಮವಾಗಿತ್ತು. ಹೇಮಾವತಿ ಬಂದು, ಮಾದರಿಯನ್ನು ಎಳೆಗೂಸಿನಂತೆ ಸೀರೆಯ ಸೆರಗು ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದಳು.

ಅದಾಗಿ ಮೂರನೆಯ ದಿನ ಬೆಳಿಗ್ಗೆ ಸಿದ್ದಲಿಂಗಮ್ಮ ಅವನು ಕೂತು ಕೆಲಸ ಮಾಡಿದ ಜಗಲಿ ಗುಡಿಸುತ್ತಿದ್ದಳು. ಮರದ ಹೊಟ್ಟಿನ ರಾಶಿಯಿಂದ ಏನೋ ಹೆಕ್ಕಿ ಕೈಚಾಚಿದಳು.

"ಇವು ಎಂಥವ್ರೀ? ಬೇಕಾ, ಒಲೆಗೆ ಹಾಕ್ಲಾ?"

ಎರಡು ಮರದ ತುಂಡು. ಕಾಲು ಕಾಲಂಗುಲದವು. ಎರಡೂ ಒಂದೇ ಸಮ. ಷಣ್ಮುಖಪ್ಪ ಕಸಿದುಕೊಂಡು ಕನ್ನಡಕದ ಹತ್ತಿರ ಹಿಡಿದ. ಅವು ಮಾದರಿಯ ಬಾಗಿಲುವಾಡದ ಎರಡು ಕಾಲುಗಳಿಂದ ಅವನೇ ಕೊಯ್ದು ತೆಗೆದ ತುದಿಗಳು.

ಯಾಕೆ ಕೊಯ್ದ ಎನ್ನುವುದೇ ತಮಾಷೆ. ಬಾಗಿಲು ಇಡುವ ಬಡಗಿ ಮೊದಲು ಆಯ ನೋಡುತ್ತಾನೆ. ಎತ್ತರದ ಅಂಗುಲಗಳನ್ನು ಎಂಟರಿಂದ ಭಾಗಿಸುವುದು; ಬೆಸ ಉಳಿದರೆ ಒಳ್ಳೆಯದು, ಸಮ ಉಳಿದರೆ ಕೆಟ್ಟದ್ದು. ಏಳು ಉಳಿದರೆ ಗಜಾಯ, ನಾಲ್ಕು ಉಳಿದರೆ ಶ್ವಾನಾಯ, ಪೂರಾ ಎಂಟಾದರೆ ಕಾಕಾಯ. "ಮಗ ಇದ್ದಿದ್ರೆ ಅವನಿಗೆ ಹೇಳ್ತಿದ್ದೆ. ಇಲ್ಲ, ಅದಕ್ಕೆ ನಿನಗೆ ಹೇಳ್ತೀನಿ" ಎಂದು ಗುರುಗಳು ಇದನ್ನು ಅವನೊಬ್ಬನಿಗೇ ಹೇಳಿಕೊಟ್ಟಿದ್ದರು. ಗುರುಗಳ ಬಾಗಿಲು ಎಂಬತ್ತೇಳು ಅಂಗುಲ, ಸರಿಯಾದ ಗಜಾಯ. ಮಾದರಿಯಲ್ಲಿ ಅದು ಏಳೂಕಾಲು ಅಂಗುಲವಾಗಿತ್ತು. ಏಳು ಮುಗಿದು ಎಂಟು ನಡೆದಿದೆ, ಕಾಕಾಯಕ್ಕೆ ಬಿತ್ತಲ್ಲಪ್ಪಾ ಎಂದು ಮೂವತ್ತೈದು ವರ್ಷದ ಕೈ ಯೋಚಿಸದೆ ಕಾಲಂಗುಲ ಕೊಯ್ದು ಏಳಕ್ಕೆ ಕೂರಿಸಿಬಿಟ್ಟಿತ್ತು. ಇರುವೆಯೂ ಗೃಹಪ್ರವೇಶ ಮಾಡದ ಗೊಂಬೆ ಬಾಗಿಲಿಗೆ ಆಯ! ಏಳನ್ನು ಹನ್ನೆರಡರಿಂದ ಗುಣಿಸಿದರೆ ಎಂಬತ್ನಾಲ್ಕು. ಮೂರು ಅಂಗುಲ ಗಿಡ್ಡ. ಅದೂ ಶ್ವಾನಾಯ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

ಹೇಮಾವತಿ ಹಿಂದಿನ ಸಂಜೆಯೇ ಫೋನಿಗೆ ಮಾತು ಕಳಿಸಿದ್ದಳು: "ಅಣ್ಣಾ, ನಾಳೆ ಬೆಳಿಗ್ಗೆ ಬಾಗಿಲುವಾಡ ಕೊಯ್ಸ್ತೀನಿ. ಅಪ್ಪನ ಹೊನ್ನೆ ತೊಲೆ ತೆಗ್ಸಿಟ್ಟೀನಿ." ಆ ಹೊನ್ನೆಯ ತೊಲೆಯನ್ನು ಗುರುಗಳು ಇಪ್ಪತ್ತು ವರ್ಷ ಆರಲು ಬಿಟ್ಟಿದ್ದರು. ಹದಿನೈದು ಅಡಿ ಉದ್ದ; ಬಾಗಿಲುವಾಡದ ಎರಡೂ ಕಾಲು ಅದರಲ್ಲೇ ಬರಬೇಕು. ಒಮ್ಮೆ ಗಿಡ್ಡ ಕೊಯ್ದರೆ ಅಂಥ ಇನ್ನೊಂದು ತೊಲೆ ಎಲ್ಲಿಂದ ತರುವುದು? ಷಣ್ಮುಖಪ್ಪ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು.

"ತಿಂಡಿ ಆರ್ತೈತೆ, ಎಲ್ಲಿಗೆ ಹೊಂಟ್ರಿ?"

"ಗುರುಗಳ ಮರ ಹಾಳು ಮಾಡ್ದೆ ಕಣೇ" ಎಂದವನೇ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಓಡಿದ. ಆ ದಿನ ಅರ್ಧ ದಾರಿಯಿಂದ ವಾಪಸು ಬರಲಿಲ್ಲ.

ಹೊನ್ನಾಳಿಯಲ್ಲಿ ಬಸ್ಸು ಬದಲಿಸಬೇಕು. ಚನ್ನಗಿರಿಯ ಬಸ್ಸು ತುಂಬಲಿ ಎಂದು ಡ್ರೈವರು ಟೀ ಕುಡಿಯುತ್ತ ನಿಂತಿದ್ದ. ಷಣ್ಮುಖಪ್ಪನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. "ಬೇಗ ಬಿಡ್ರಪ್ಪಾ, ಪುಣ್ಯ ಬರ್ತೈತೆ" ಎಂದರೆ ಕಂಡಕ್ಟರು, "ಆಸ್ಪತ್ರೇಲಿ ಯಾರ್ಗಾರ ಹುಷಾರಿಲ್ವಾ ಯಜಮಾನ್ರೇ?" ಎಂದು ಮರುಗಿದ. ಬಾಗಿಲಿಗೆ ಹುಷಾರಿಲ್ಲ ಎನ್ನುವುದು ಹೇಗೆ? ತುಂಗಭದ್ರೆಯ ಸೇತುವೆ ದಾಟುವಾಗ ಹನ್ನೊಂದನೆಯ ಸಲ ಫೋನು ಮಾಡಿದ. ಉತ್ತರವಿಲ್ಲ. ಇಷ್ಟು ಹೊತ್ತಿಗೆ ಒಂದು ಕಾಲು ಕೊಯ್ದಿರುತ್ತಾರೆ, ಇಷ್ಟು ಹೊತ್ತಿಗೆ ಎರಡನೆಯದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ತೊಲೆಯನ್ನು ನೂರು ಸಲ ಕೊಯ್ದ. ಅವಳ ಮುಂದೆ ನಿಂತು ಏನು ಹೇಳುವುದೆಂದು ಯೋಚಿಸಿದ.

ಚನ್ನಗಿರಿಯಲ್ಲಿ ಇಳಿದು ಅವಳ ಜಾಗದ ತಿರುವಿಗೆ ಬಂದಾಗ ಮಿಷಿನ್ ಗರಗಸದ ಸದ್ದು ಕಿವಿಗೆ ಬಿತ್ತು. ಒಳಗೆ ಹೋಗಿ ನೋಡಿದರೆ ಕೆಲಸಗಾರರು ಗೋಡೆಯ ಹಲಗೆ ಕೊಯ್ಯುತ್ತಿದ್ದರು. ಹೊನ್ನೆಯ ತೊಲೆ ಒಂದು ಗೀರೂ ಇಲ್ಲದೆ ಪಕ್ಕದಲ್ಲಿ ಬಿದ್ದಿತ್ತು. ಷಣ್ಮುಖಪ್ಪ ಅದರ ಮೇಲೆಯೇ ಕುಸಿದು ಕೂತ.

"ಅಯ್ಯೋ ಅಣ್ಣಾ! ಈ ಸದ್ದಿನಾಗೆ ಫೋನು ಕೇಳ್ಲಿಲ್ಲ, ಈಗ ನೋಡ್ದೆ" ಎಂದು ಹೇಮಾವತಿ ನೀರು ತಂದುಕೊಟ್ಟಳು. "ನಾನೂ ನಿಮಗೆ ಫೋನ್ ಮಾಡಾಕೆ ಹೊಂಟಿದ್ದೆ. ನಿಮ್ಮ ಏಳು ಅಂಗುಲದ ಬಾಗಿಲು ಲೆಕ್ಕ ಹಾಕಿದ್ರೆ ಎಂಬತ್ನಾಕು ಬಂತು. ಎಂಟರಿಂದ ಭಾಗಿಸಿದ್ರೆ ನಾಕು ಉಳೀತು, ಶ್ವಾನಾಯ. ಅಪ್ಪ ಅಂಥ ಬಾಗಿಲು ಇಡೋರಲ್ಲ, ನೀವು ಅಳತೆ ತಪ್ಪೋರಲ್ಲ. ಹಂಗಾದ್ರೆ ಈ ಪುಣ್ಯಾತ್ಮ ಗೊಂಬೆ ಬಾಗಿಲಿಗೂ ಆಯ ನೋಡ್ಯಾರೆ ಅಂತ ನಗು ಬಂತು. ಆದ್ರೆ ನಿಜವಾದ್ದು ಎಂಬತ್ತೈದೋ ಎಂಬತ್ತೇಳೋ ನನಗೆ ಹೆಂಗೆ ತಿಳೀಬೇಕು? ಅದಕ್ಕೇ ನಿಲ್ಸಿದೆ."

ಷಣ್ಮುಖಪ್ಪ ಲೋಟ ಕೆಳಗಿಟ್ಟ. "ಆಯದ ಲೆಕ್ಕ ನಿನಗೆ ಯಾರು ಹೇಳಿಕೊಟ್ರವ್ವಾ?"

"ಯಾರೂ ಹೇಳಿಕೊಡ್ಲಿಲ್ಲ. ಅಪ್ಪ ನಿಮಗೆ ಹೇಳೋವಾಗ ನಾನು ಅಲ್ಲೇ ಹೊಟ್ಟು ಗುಡಿಸ್ತಿದ್ದೆನಲ್ಲ."

ಹೌದು, ಗುಡಿಸುತ್ತಿದ್ದಳು. ಹತ್ತು ವರ್ಷದ ಹುಡುಗಿ, ಎರಡು ಜಡೆ. ಕಾಲು ಎತ್ತಣ್ಣ ಎಂದರೆ ಅವನು ಕಾಲೆತ್ತುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಗುರುಗಳೂ ನೋಡಲಿಲ್ಲ. ಷಣ್ಮುಖಪ್ಪನಿಗೆ ತನ್ನ ಮೇಲೆ ನಾಚಿಕೆಯಾಯಿತು, ಗುರುಗಳ ಮೇಲೆ ಮೊದಲ ಸಲ ಸಿಟ್ಟೂ ಬಂತು.

ಅವನು ಜೇಬಿನಿಂದ ಎರಡು ತುಂಡು ತೆಗೆದು ಮಾದರಿಯ ಬಾಗಿಲಿನ ಕಾಲುಗಳ ಪಕ್ಕ ಇಟ್ಟ. "ಎಂಬತ್ತೇಳು" ಎಂದ. ಕಿವಿಯ ಸಂದಿಯಲ್ಲಿದ್ದ ಪೆನ್ಸಿಲು ತೆಗೆದು ಅವಳ ಕೈಗಿಟ್ಟ. "ಗೆರೆ ನೀನೇ ಎಳಿಯವ್ವ."

ಹೇಮಾವತಿ ಹೊನ್ನೆಯ ಮೇಲೆ ಒಂದೇ ಸಲ ಅಳೆದು ಗೆರೆ ಎಳೆದಳು. ಷಣ್ಮುಖಪ್ಪನ ಕೈ ಅಭ್ಯಾಸದಂತೆ ಜೇಬಿನ ಟೇಪಿಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಅವನು ಅಳೆಯಲಿಲ್ಲ.