ಲುಕ್ಕಾದ ಕೋಟೆಗೆ ಒಂದು ಅಪ್ರದಕ್ಷಿಣೆ

ಆರು ವರ್ಷ ನಾನು ಇದನ್ನು ದೆವ್ವದ ಕಥೆ ಅಂತಲೇ ಹೇಳಿಕೊಂಡು ಬಂದೆ. ನಾವಿದ್ದ ಅಲೆನ್ ಊರಿನಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಯಾರ ಮನೆಯದಾದರೂ ಸರಿ, ಊಟ ಮುಗಿದು ಮಜ್ಜಿಗೆ ಲೋಟ ಕೈಗೆ ಬರುವ ಹೊತ್ತಿಗೆ ಯಾರಾದರೊಬ್ಬರು "ಆಂಟಿ, ಆ ಇಟಲಿ ಕಥೆ ಹೇಳಿ" ಅನ್ನುತ್ತಿದ್ದರು. ನಾನೋ, ಕೇಳುವುದೇ ತಡ ಅಂತ ಕಾಯುತ್ತಿದ್ದವಳು. ಇವರು, ಅಂದರೆ ನಮ್ಮ ಯಜಮಾನರು, ಆ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಸಿಂಕಿನಲ್ಲಿ ತಟ್ಟೆ ತೊಳೆಯಲು ನಿಲ್ಲುತ್ತಿದ್ದರು. ಎಷ್ಟು ಒಳ್ಳೆಯ ಗಂಡ ಅಂತ ಹೆಂಗಸರೆಲ್ಲ ಹೊಗಳುತ್ತಿದ್ದರು.

ಟೆಲಿಕಾಂ ಕಂಪನಿಗಳು ಒಂದರ ಹಿಂದೆ ಒಂದು ಮಕಾಡೆ ಮಲಗಿದ ಕಾಲ ಅದು. ಪಕ್ಕದೂರು ಪ್ಲೇನೋದಲ್ಲಿ ಇವರ ಕೆಲಸ ಹೋಯಿತು, ಹ್ಯೂಸ್ಟನ್‌ನಲ್ಲಿ ಇನ್ನೊಂದು ಸಿಕ್ಕಿತು. ಹ್ಯೂಸ್ಟನ್‌ಗೆ ಅಂಟಿಕೊಂಡ ಪೇರ್‌ಲ್ಯಾಂಡ್‌ನಲ್ಲಿ ಒಂದು ಪುಟ್ಟ ಅಪಾರ್ಟ್‌ಮೆಂಟ್ ಹಿಡಿದರು. ಶುಕ್ರವಾರ ಸಂಜೆ ಐದು ಗಂಟೆ ಕಾಲ ಡ್ರೈವ್ ಮಾಡಿಕೊಂಡು ಬರುವುದು, ಸುಸ್ತಾಗಿ ಸೋಫಾ ಮೇಲೆ ಬೀಳುವುದು, ಭಾನುವಾರ ಊಟ ಮಾಡಿ ಹೊರಡುವುದು. ಮಗ ಆಸ್ಟಿನ್‌ನಲ್ಲಿ ಕಾಲೇಜು ಸೇರಿದ್ದ. ಮೂರು ಜನಕ್ಕೆ ಮೂರು ಊರು, ಮೂರು ಅಕ್ಕಿ ಡಬ್ಬ. ನನಗೆ ಅಲೆನ್‌ನಲ್ಲಿ ಲೈಬ್ರರಿಯ ಕೆಲಸ ಇತ್ತು, ಹದಿನಾಲ್ಕು ವರ್ಷದ ಮನೆ ಇತ್ತು, ಚಳಿಗಾಲದಲ್ಲಿ ಗರಾಜಿಗೆ ಎತ್ತಿಟ್ಟು ಮಗುವಿನ ಹಾಗೆ ಸಾಕಿದ ಕರಿಬೇವಿನ ಗಿಡ ಇತ್ತು. "ನೀನೂ ಹ್ಯೂಸ್ಟನ್‌ಗೆ ಶಿಫ್ಟ್ ಆಗ್ತೀಯಾ?" ಅಂತ ಇವರು ಒಂದೇ ಒಂದು ಸಲ ಕೇಳಿದ್ದರು. "ಆತುರ ಇಲ್ಲ" ಅಂತಲೂ ಅವರೇ ಸೇರಿಸಿದರು. ಆ ಪ್ರಶ್ನೆ ಎಂಟು ತಿಂಗಳು ನಮ್ಮಿಬ್ಬರ ಮಧ್ಯೆ ಹಾಗೇ ಕೂತಿತ್ತು. ಬರುವುದಿಲ್ಲ ಅಂದರೆ ಏನರ್ಥ ಅಂತ ಇಬ್ಬರಿಗೂ ಗೊತ್ತಿತ್ತು, ಆದ್ದರಿಂದ ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಆಗ ಇವರೇ ಎಂಟು ದಿನದ ರಜೆ ಬುಕ್ ಮಾಡಿದರು. ಎಂಟು ದಿನವೂ ಒಂದೇ ಊರು, ಲುಕ್ಕಾ. "ರೋಮ್ ಇಲ್ವಾ? ವೆನಿಸ್ ಇಲ್ವಾ?" ಅಂತ ಗೆಳತಿಯರು ಬಾಯಿ ಬಾಯಿ ಬಿಟ್ಟರು. "ನಿಧಾನವಾಗಿ ಇರೋಣ ಕಣೆ. ವಾಪಸ್ ಬರೋದ್ರೊಳಗೆ ಹೇಳು, ಸಾಕು" ಅಂದರು ಇವರು. ಏನು ಹೇಳಬೇಕು ಅಂತ ನಾನೂ ಕೇಳಲಿಲ್ಲ.

ಊರು ಚೆನ್ನಾಗಿಯೇ ಇತ್ತು, ಚೆನ್ನಾಗಿತ್ತು ಅಂತಲೇ ನನಗೆ ಆಗಿಬರಲಿಲ್ಲ. ಓಣಿಗಳು ಎಷ್ಟು ಇಕ್ಕಟ್ಟು ಅಂದರೆ ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚುವ ಹೊತ್ತಾದ ಹಾಗೆ ಕಾಣುತ್ತಿತ್ತು. ನಾವು ಹಾದುಹೋದ ಮೇಲೆ ಮಹಡಿ ಕಿಟಕಿಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಬಿಸಿಲಿಗೆ ಮುಚ್ಚುತ್ತಾರೆ, ನನಗೂ ಗೊತ್ತು. ಯಾವ ಓಣಿ ಹಿಡಿದು ಹೊರಟರೂ ತಿರುಗಿ ಅದೇ ಮೊಟ್ಟೆಯಾಕಾರದ ಚೌಕಕ್ಕೆ ಬಂದು ಬೀಳುತ್ತಿದ್ದೆವು. ಬಾಡಿಗೆ ಕೋಣೆಯಲ್ಲಿ ಮಂಚದ ಎದುರಿಗೆ ಆಳೆತ್ತರದ ಹಳೇ ಕನ್ನಡಿ, ಅಂಚೆಲ್ಲ ಕಪ್ಪು ಹಿಡಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅದರೊಳಗೆ ಇಬ್ಬರು ವಯಸ್ಸಾದವರು ಮಂಚದ ಎರಡು ತುದಿಯಲ್ಲಿ ಕೂತಿರುತ್ತಿದ್ದರು. ನಾವೇ ಅಂತ ಹೊಳೆಯಲು ಒಂದು ಗಳಿಗೆ ಬೇಕಾಗುತ್ತಿತ್ತು. ಎರಡನೇ ದಿನವೇ ನಾನು ಅದರ ಮೇಲೆ ಒಂದು ಟವೆಲ್ ಹೊದಿಸಿದೆ.

ಆ ಊರಿನ ಸುತ್ತ ಒಂದು ಕೋಟೆ ಗೋಡೆ ಇದೆ. ಗೋಡೆ ಅಂದರೆ ಮೇಲೆ ರಸ್ತೆಯಷ್ಟು ಅಗಲ, ಎರಡೂ ಕಡೆ ಮರ, ನಡೆಯುವವರು, ಸೈಕಲ್ ಹೊಡೆಯುವವರು. ಒಂದು ಸುತ್ತು ಬರಲು ಒಂದು ಗಂಟೆ. ದಿನಾ ಸಂಜೆ ನಾವು ಅದರ ಮೇಲೆ ನಡೆಯುತ್ತಿದ್ದೆವು, ಊರು ಬಲಗಡೆಗೆ ಇರುವ ಹಾಗೆ. ಅದು ನನ್ನ ಕಟ್ಟಪ್ಪಣೆ. ಗುಡಿಯಾಗಲಿ, ಅರಳಿಕಟ್ಟೆಯಾಗಲಿ, ಅಲೆನ್‌ನ ಪಾರ್ಕಿನ ಕೊಳವಾಗಲಿ, ನಾನು ಸುತ್ತುವುದು ಬಲಕ್ಕೇ. ಎಡಕ್ಕೆ ಸುತ್ತುವುದು ಹೆಣದ ಸುತ್ತ ಮಾತ್ರ ಅಂತ ನಮ್ಮಜ್ಜಿ ಹೇಳಿದ್ದು ಮೂಳೆಗೆ ಇಳಿದುಬಿಟ್ಟಿದೆ.

ಎಂಟನೇ ದಿನ ಸಂಜೆ ಇವರಿಗೆ ಏನಾಯಿತೋ, "ಇವತ್ತು ಆ ಕಡೆಯಿಂದ ಹೋಗೋಣ, ದಿನಾ ಅದೇ ನೋಡಿ ಬೇಜಾರಾಯ್ತು" ಅಂದರು.

"ಥೂ, ಬಿಡ್ತು ಅನ್ನಿ! ಅಪ್ರದಕ್ಷಿಣೆನಾ?"

"ಇದೇನು ದೇವಸ್ಥಾನನೇನೆ?"

"ನೀವು ಬೇಕಾದ್ರೆ ಹೋಗಿ. ನಾನು ಬರಲ್ಲ."

ಇವರು ನಕ್ಕರು. "ಸರಿ. ನೀನು ನಿನ್ನ ಕಡೆಯಿಂದ ಹೋಗು, ನಾನು ನನ್ನ ಕಡೆಯಿಂದ ಬರ್ತೀನಿ. ಎಲ್ಲೋ ಮಧ್ಯದಲ್ಲಿ ಎದುರು ಸಿಕ್ಕೇ ಸಿಗ್ತೀವಿ. ಆಗ ಉತ್ತರ ಹೇಳು."

ಬೆಂಚಿನಿಂದ ಎದ್ದು ಒಬ್ಬೊಬ್ಬರು ಒಂದೊಂದು ಕಡೆಗೆ ಹೊರಟೆವು. ನಿಜ ಹೇಳಬೇಕೆಂದರೆ, ಬರುತ್ತೇನೆ ಅನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ಬರುವಾಗ ಇವರ ಮುಖ ನೋಡಿದ ತಕ್ಷಣ ಹೇಳಿಬಿಡೋಣ ಅಂತಲೇ ನಡೆಯುತ್ತಿದ್ದೆ. ಹಾಗಾಗಿ ಎದುರು ಬಂದವರನ್ನೆಲ್ಲ ಕಣ್ಣಿಟ್ಟು ನೋಡಿದೆ. ಎರಡು ನಾಯಿ ಹಿಡಿದ ಹೆಂಗಸು. ಸೈಕಲ್ ಮೇಲೆ ಒಬ್ಬ ಸನ್ಯಾಸಿನಿ. ಗಾಲಿ ಕುರ್ಚಿಯಲ್ಲಿ ಕೂತ ಅಜ್ಜಿ, ತಳ್ಳುವ ಮಗಳು. ಆಮೇಲೆ ಸ್ವಲ್ಪ ದೂರ ಯಾರೂ ಇಲ್ಲ. ಇಳಿಬಿಸಿಲು ಮರಗಳ ಸಂದಿನಿಂದ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅಲ್ಲಿ ಒಂದು ಮರದ ಕೆಳಗೆ ಒಬ್ಬ ಮನುಷ್ಯ ನಿಂತಿದ್ದ.

ಪಾಟ್‌ಲಕ್‌ನಲ್ಲಿ ಇಲ್ಲಿಗೆ ಬಂದಾಗ ನಾನು ದನಿ ಇಳಿಸುತ್ತಿದ್ದೆ. ಅವನು ಎರಡೂ ಕೈ ಮುಂದೆ ಚಾಚಿ ಏನೋ ಹಿಡಿದುಕೊಂಡಿದ್ದ. ಕದಲಲಿಲ್ಲ. ಎಷ್ಟೋ ವರ್ಷದಿಂದ ನನ್ನನ್ನೇ ಕಾಯುತ್ತಿರುವವನ ಹಾಗೆ ನೋಡುತ್ತಿದ್ದ. ಶಾಲು ಬಿಗಿಯಾಗಿ ಹೊದ್ದು, ತಲೆ ತಗ್ಗಿಸಿ, ಅವನ ಪಕ್ಕದಲ್ಲೇ ಹಾದು ಬೇಗ ಬೇಗ ಹೆಜ್ಜೆ ಹಾಕಿದೆ. ಹಿಂದಿನಿಂದ ಏನೋ ಸದ್ದು ಬಂತು. ತಿರುಗಿ ನೋಡಲಿಲ್ಲ, ನೋಡಬಾರದು ಅನ್ನಿಸಿತು. ಅಲ್ಲಿಂದ ಮುಂದೆ ಇವರು ಸಿಗುತ್ತಾರೆ, ಈಗ ಸಿಗುತ್ತಾರೆ ಅಂತ ನಡೆದೆ, ನಡೆದೆ. ಸಿಗಲೇ ಇಲ್ಲ. ಸುತ್ತು ಮುಗಿಸಿ ನಮ್ಮ ಬೆಂಚಿಗೆ ಬಂದರೆ ಇವರು ಅಲ್ಲಿ ಕೂತಿದ್ದರು.

"ಎಲ್ಲಿ ಹೋಗಿದ್ರಿ? ಎದುರಿಗೆ ಸಿಗಲೇ ಇಲ್ವಲ್ಲ!"

ಇವರು ನನ್ನ ಮುಖ ನೋಡಿದರು. "ಹೌದು. ಸಿಗಲಿಲ್ಲ."

"ಮಧ್ಯದಲ್ಲಿ ಕೆಳಗೆ ಇಳಿದ್ರಾ?"

"ಇಲ್ಲ. ನೀನು?"

"ನಾನ್ಯಾಕೆ ಇಳೀಲಿ?"

ಇವರ ಅಂಗಿಯ ತೋಳಿನ ತುದಿಯಲ್ಲಿ ಹಸಿರು ಕಲೆ ಇತ್ತು. ಇದೇನು ಅಂದೆ. ಮರದ ಪಾಚಿ ಇರಬೇಕು ಅಂದರು. ಇರುವುದು ಒಂದೇ ದಾರಿ, ಇಬ್ಬರೂ ಎದುರು ಬದುರು ಹೊರಟವರು, ಸಿಗದೆ ಇರಲು ಸಾಧ್ಯವೇ? ಕೋಟೆಯೇ ನುಂಗಿ ಆಚೆ ಉಗುಳಿತೇ? ಅಪಶಕುನ, ಇನ್ನೇನು! ದೇವರೇ ತೋರಿಸಿಕೊಟ್ಟ ಅಂದುಕೊಂಡೆ. ಮಾರನೇ ದಿನ ವಿಮಾನ ನೆಲ ಬಿಟ್ಟ ಮೇಲೆ, "ನಾನು ಹ್ಯೂಸ್ಟನ್‌ಗೆ ಬರಲ್ಲ" ಅಂದೆ. "ಗೊತ್ತಾಯ್ತು" ಅಂದರು ಇವರು. ಅಷ್ಟೇ.

ಆಮೇಲೆ ಆರು ವರ್ಷ ಅವರು ಪೇರ್‌ಲ್ಯಾಂಡ್‌ನಲ್ಲಿ, ನಾನು ಅಲೆನ್‌ನಲ್ಲಿ. ವಾರಕ್ಕೊಮ್ಮೆ ಬರುತ್ತಿದ್ದವರು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬಂದರು. ಜಗಳವಿಲ್ಲ, ಕದನವಿಲ್ಲ, ಬಂದಾಗ ಬಲ್ಬು ಬದಲಾಯಿಸಿ ಹೋಗುತ್ತಿದ್ದರು. ಕಥೆ ಮಾತ್ರ ಬೆಳೆಯಿತು. ಧಾರವಾಡದ ಗೆಳತಿ ಪ್ರತಿ ಸಲವೂ ಕೆನ್ನೆ ಮೇಲೆ ಕೈಯಿಟ್ಟು, "ಎದುರಾ ಎದುರು ಬಂದು ತಪ್ಪಿಸ್ಕೊಳ್ಳೂದು ಹ್ಯಾಂಗ್ರಿ? ಆ ಗಿಡದ ಕೆಳಗ ನಿಂತಾಂವ ಮನಶಾ ಅಲ್ಲ ಬಿಡ್ರಿ" ಅನ್ನುತ್ತಿದ್ದಳು. ಮಗ ಫೋನಿನಲ್ಲಿ, "ಅಮ್ಮಾ, ಸೋ ಕ್ರೀಪಿ!" ಅನ್ನುತ್ತಿದ್ದ. ನನಗೆ ಖುಷಿಯೋ ಖುಷಿ.

ಏಳನೇ ವರ್ಷ, ಯುಗಾದಿಗೆ ನಾನೇ ಪೇರ್‌ಲ್ಯಾಂಡ್‌ಗೆ ಹೋಗಿದ್ದೆ. ಅಲ್ಲಿಯ ದೇವಸ್ಥಾನದ ಊಟದ ಹಾಲಿನಲ್ಲಿ ಬೆಂಗಳೂರಿನಿಂದ ಹೊಸದಾಗಿ ಬಂದ ಗಂಡ ಹೆಂಡತಿ ನಮ್ಮ ಎದುರು ಕೂತರು. ಇಟಲಿಗೆ ಹೋಗಬೇಕು ಅಂತ ಪ್ಲ್ಯಾನ್ ಮಾಡ್ತಾ ಇದ್ದೀವಿ ಅಂದರು. ಬಿಡುತ್ತೇನೆಯೇ ನಾನು? ಶುರು ಮಾಡಿದೆ. ಇವರು ತಟ್ಟೆ ಹಿಡಿದು ಏಳಲು ಅಲ್ಲಿ ಸಿಂಕಿರಲಿಲ್ಲ. ಪುಳಿಯೋಗರೆ ಕಲೆಸುತ್ತಾ ಕೂತರು. ಮರದ ಕೆಳಗಿನ ಮನುಷ್ಯನ ಹತ್ತಿರ ಬಂದು ನಾನು ದನಿ ಇಳಿಸಿ, "ಕೈಯಲ್ಲಿ ಏನೋ ಹಿಡ್ಕೊಂಡಿದ್ದ..." ಅಂದೆ.

"ಐಸ್‌ಕ್ರೀಮ್" ಅಂದರು ಇವರು, ತಲೆ ಎತ್ತದೆ. "ಎರಡು ಕಪ್. ಒಂದು ಪಿಸ್ತಾ."

ಹೊಸ ದಂಪತಿ ನಕ್ಕರು, ಅಂಕಲ್ ತಮಾಷೆ ಮಾಡುತ್ತಿದ್ದಾರೆ ಅಂತ. ನನ್ನ ಬಾಯೊಳಗಿನ ಅನ್ನ ಹಾಗೇ ಉಳಿಯಿತು. ಪಿಸ್ತಾ ನಾನು ತಿನ್ನುವುದು. ತೋಳಿನ ಹಸಿರು ಕಲೆ ಕಣ್ಣ ಮುಂದೆ ಬಂತು.

ಕಾರಿನಲ್ಲಿ ಕೂತ ಮೇಲೆ ಕೇಳಿದೆ. "ಅದು ನೀವಾ?"

"ಮತ್ತ್ಯಾರು?"

"ಕೂಗಬಾರದಾಗಿತ್ತಾ?"

"ಕೂಗಿದೆನಲ್ಲ. ಇವಳೇ, ಇವಳೇ ಅಂತ ಎರಡು ಸಲ ಕೂಗಿದೆ. ನೀನು ಇನ್ನೂ ಜೋರಾಗಿ ನಡೆದೆ."

"ಆರು ವರ್ಷ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀನು ನನ್ನ ಮುಖ ನೋಡಿದೆ ಕಣೆ. ನೋಡಿ, ಸೆರಗು ಸರಿ ಮಾಡ್ಕೊಳ್ಳೋ ಹಾಗೆ ಶಾಲು ಬಿಗಿ ಮಾಡ್ಕೊಂಡು ಹೋದೆ. ಅದೇ ಉತ್ತರ ಅಂದುಕೊಂಡೆ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಾದೆ."

ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ರೀ, ಅಂದೆ. ನನ್ನ ಮಾತು ನನಗೇ ಸುಳ್ಳು ಅನ್ನಿಸಿತು. ಆ ಮನುಷ್ಯನ ಮುಖ ನನಗೆ ಚೆನ್ನಾಗಿ ನೆನಪಿತ್ತು. ಉದ್ದ ಮುಖ, ಬಿದ್ದುಹೋದ ಕೆನ್ನೆ, ಕಣ್ಣಿನಲ್ಲಿ ಏನೋ ಬೇಡುವಂಥದ್ದು. ಪಕ್ಕದಲ್ಲಿ ಡ್ರೈವ್ ಮಾಡುತ್ತಿದ್ದ ಇವರ ಕಡೆ ತಿರುಗಿ ನೋಡಿದೆ. ಎಷ್ಟು ಹೊಂದಿಸಿದರೂ ಎರಡು ಮುಖ ಒಂದಾಗಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಆಗ. ಇಷ್ಟು ವರ್ಷ ನಾನು ಊರವರನ್ನೆಲ್ಲ ಹೆದರಿಸಿದ ದೆವ್ವ ನನ್ನ ಗಂಡ. ನನಗೆ ಐಸ್‌ಕ್ರೀಮ್ ಹಿಡಿದು ನಿಂತಿದ್ದ ನನ್ನ ಗಂಡ. ಅಳು ಬಂತು, ಅತ್ತುಬಿಟ್ಟೆ. ಇವರು ಒಂದು ಕೈಯಲ್ಲಿ ಟಿಶ್ಯೂ ಡಬ್ಬ ನನ್ನ ಕಡೆ ತಳ್ಳಿದರು.

ಇವರ ಅಪಾರ್ಟ್‌ಮೆಂಟಿನ ಹಿಂದೆ ಒಂದು ಕೊಳ ಇದೆ, ಸುತ್ತ ಸಿಮೆಂಟಿನ ದಾರಿ. ಅವತ್ತು ಸಂಜೆ ನಾನೇ ಹೇಳಿದೆ. "ಬನ್ನಿ, ಇನ್ನೊಂದು ಸಲ ನಡೆಯೋಣ. ನೀವು ಬಲಕ್ಕೆ ಹೋಗಿ, ನಾನು ಎಡಕ್ಕೆ ಬರ್ತೀನಿ."

"ಅಪ್ರದಕ್ಷಿಣೆ?" ಅಂದರು.

"ಅಜ್ಜಿ ಹತ್ತಿರ ನಾನು ಮಾತಾಡ್ಕೋತೀನಿ. ನಡೀರಿ."

ನನ್ನ ಜೀವಮಾನದಲ್ಲಿ ಮೊದಲ ಸಲ ಎಡಕ್ಕೆ ಸುತ್ತಿದೆ. ಕಣ್ಣು ಮಿಟುಕಿಸದೆ ನಡೆದೆ. ಈ ಸಲ ಬಿಸಿಲು ನನ್ನ ಬೆನ್ನಿಗಿತ್ತು, ನೆಪ ಹೇಳಲು ಏನೂ ಇರಲಿಲ್ಲ. ಜಾಗಿಂಗ್ ಮಾಡುವ ಹುಡುಗಿ ಹೋದಳು. ಬಾತುಕೋಳಿಗೆ ಬ್ರೆಡ್ ಹಾಕುವ ತಾಯಿ ಮಗು ಸಿಕ್ಕರು. ತಿರುವಿನಲ್ಲಿ ಬಿಳಿ ಕೂದಲಿನ ಒಬ್ಬರು ಬಂದರು, ಎಡಗಾಲು ಸ್ವಲ್ಪ ಎಳೆಯುತ್ತಾ. ಇವರೇ. ಯಾವಾಗಿನಿಂದ ಕಾಲು ಎಳೆಯುತ್ತಾರೆ, ನನಗೆ ಗೊತ್ತೇ ಇರಲಿಲ್ಲ. ಗುರುತು ಹಿಡಿದೆ ಅಂತ ಎಷ್ಟು ಸಂತೋಷವಾಯಿತೆಂದರೆ ದಾರಿ ಮಧ್ಯದಲ್ಲೇ ನಿಂತುಬಿಟ್ಟೆ. ಈ ಸಲ ಹೇಳಿಬಿಡುತ್ತೇನೆ, ಬರುತ್ತೇನೆ ಅಂತ.

ಇವರು ಹತ್ತಿರ ಬಂದರು. ನನ್ನ ಮುಖ ನೋಡಿದರು. ಇಲ್ಲಿ ಪರಿಚಯ ಇಲ್ಲದವರಿಗೆ ಮಾಡುವ ಹಾಗೆ ತಲೆ ಸ್ವಲ್ಪ ಆಡಿಸಿ, ನನ್ನ ಪಕ್ಕದಲ್ಲಿ ಹಾದು ಮುಂದೆ ಹೋದರು.

"ರೀ" ಅಂದೆ. ತಿರುಗಲಿಲ್ಲ. "ರೀ!" ಅಂತ ಇನ್ನೊಮ್ಮೆ ಕೂಗಿದೆ. ನಡೆಯುತ್ತಲೇ ಇದ್ದರು. ಓಡಿಹೋಗಿ ತೋಳು ಹಿಡಿದೆ. ಬೆಚ್ಚಿಬಿದ್ದು ತಿರುಗಿದರು.

"ಓ, ನೀನಾ? ಎಲ್ಲಿಂದ ಬಂದೆ? ಎದುರಿಗೆ ಸಿಗಲೇ ಇಲ್ಲವಲ್ಲ!"

"ಸೇಡು ತೀರಿಸ್ಕೊಳ್ತಾ ಇದ್ದೀರಾ? ತಮಾಷೆ ಮಾಡಿದ್ರಾ ಈಗ?"

"ಯಾವಾಗ?" ಅಂದರು. ಮೂವತ್ತು ವರ್ಷ ಸಂಸಾರ ಮಾಡಿದವಳು ನಾನು, ಇವರು ನಾಟಕ ಮಾಡಿದರೆ ನನಗೆ ಗೊತ್ತಾಗುತ್ತದೆ. ಅದು ನಾಟಕ ಆಗಿರಲಿಲ್ಲ.

ಬರುತ್ತೇನೆ ಅಂತ ಅಲ್ಲೇ, ಆ ತೋಳು ಹಿಡಿದುಕೊಂಡೇ ಹೇಳಿದೆ. ಅಲೆನ್‌ನ ಮನೆ ಮಾರಿ, ಕರಿಬೇವಿನ ಗಿಡವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದೆ. ಈಗ ದಿನಾ ಸಂಜೆ ಕೊಳದ ಸುತ್ತ ಇಬ್ಬರೂ ಒಂದೇ ಕಡೆಗೆ ನಡೆಯುತ್ತೇವೆ, ಕೈ ಹಿಡಿದುಕೊಂಡು. ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಆಂಟಿ, ಅನ್ನುತ್ತಾರೆ ಅಕ್ಕಪಕ್ಕದ ಹುಡುಗಿಯರು. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಕೈ ಬಿಡಲು ನನಗೆ ಧೈರ್ಯ ಸಾಲದು.